ಮೆಟ್ಟಿಲಿಂದ ಯಾರೂ ಬೀಳಲಿಲ್ಲ

ಕೆಂಪು ಬಲ್ಬು ಹತ್ಕೊಳ್ತು, ಬಾಗಿಲ ಮೇಲಿರೋದು, ಅಂದ್ರೆ ಒಳಗೆ ನನ್ನ ನಾದಿನೀನ ಮೂಳೆ ನೋಡೋ ಮಿಷನ್ ಕೆಳಗೆ ಮಲಗಿಸಿಬಿಟ್ರು, ಇನ್ನು ಹತ್ತು ನಿಮಿಷ ಅಲ್ಲಾಡೋ ಹಾಗಿಲ್ಲ, ಅವಳಿಗೇನು, ಮೂವತ್ತು ವರ್ಷದಿಂದ ಇಸ್ತ್ರಿ ಮೇಜಿನ ಹಿಂದೆ ಕಂಬ ನೆಟ್ಟ ಹಾಗೆ ನಿಂತೋಳು, ಅಲ್ಲಾಡದೆ ಇರು ಅಂದ್ರೆ ಅವಳಿಗೆ ರಜಾ ಕೊಟ್ಟ ಹಾಗೆ, ನಾನು ಹೋದ ವರ್ಷ ಅದೇ ಮಂಚದ ಮೇಲೆ ಮಲಗಿ ಮೂಗು ತುರಿಸ್ತು ಅಂತ ಕೈ ಎತ್ತಿ ಬೈಸಿಕೊಂಡೆ, ಅಂಗಡಿಗೆ ಬಂದು ಹೇಳಿದ್ದು ಮಾತ್ರ ಬೇರೆ, ಮಿಷನ್ನೇ ನನ್ನ ಮೂಳೆ ನೋಡಿ ಗಾಬರಿಯಾಗಿ ನಿಂತುಹೋಯ್ತು, ದೊಡ್ಡ ಇಂಜಿನಿಯರ್ ಬಂದು ಎರಡು ಒದ್ದ ಮೇಲೆ ಮತ್ತೆ ಶುರುವಾಯ್ತು ಅಂತ — ಈಗ ನೆನೆಸ್ಕೊಂಡ್ರೂ ನಗು ಬರ್ತಿಲ್ಲ, ಯಾಕಂದ್ರೆ ಇವಳ ಮೂಳೇನೂ ನನ್ನ ಮೂಳೆ ಹಾಗೇ ಜಾಳಾಗಿದ್ರೆ ಅದಕ್ಕೆ ಅರ್ಧ ಕಾರಣ ವಯಸ್ಸು, ಇನ್ನರ್ಧ ನಾನು, ಅದು ನನಗೊಬ್ಬಳಿಗೇ ಗೊತ್ತು, ಈ ಬೆಂಚಿಗೂ ಗೊತ್ತಿರಬಹುದು, ಹೋದ ವರ್ಷ ಇದೇ ಬೆಂಚಿನ ಮುಂದೆ ನಿಂತೇ ಅಲ್ವಾ ನಾನು ಅವಳಿಗೆ ಆ ಕಥೆ ಹೇಳಿದ್ದು.

ಕಥೆ ಹೇಳೋದು ನನಗೆ ಉಸಿರಾಡಿದ ಹಾಗೆ, ಬೀದಿಯೋರು ನನ್ನ ರೀಲಮ್ಮ ಅಂತಾರೆ, ದಾರದ ರೀಲಿಗೂ ಹೌದು ಬಾಯಿ ರೀಲಿಗೂ ಹೌದು, ನನಗೇನೂ ಬೇಜಾರಿಲ್ಲ, ಒಂದೇ ದಿನಕ್ಕೆ ನೂರಾ ಹನ್ನೆರಡು ಸ್ಕೂಲ್ ಲಂಗ ಹೊಲಿದು ಸೂಜಿ ಕೆಂಪಗೆ ಕಾದು ಅದರಲ್ಲೊಬ್ಬ ಸಿಗರೇಟು ಹಚ್ಚಿಕೊಂಡ ಅಂತ ನಾನು ಹೇಳಿದ್ರೆ ಗಿರಾಕಿ ನಗ್ತಾನೆ, ನಗ್ತಾ ನಗ್ತಾ ಇನ್ನೆರಡು ಲಂಗ ಹೊಲಿಯೋಕೆ ಕೊಟ್ಟು ಹೋಗ್ತಾನೆ, ಹಿಂದಿನಿಂದ ನಾದಿನಿ ಮಾತ್ರ ಇಸ್ತ್ರಿ ಪೆಟ್ಟಿಗೆ ಎತ್ತದೇನೇ ಹೇಳ್ತಾಳೆ, ಹನ್ನೆರಡು ಅತ್ತಿಗೆ, ನೂರು ನಿಮ್ಮ ಬಾಯಿಂದ ಬಂದಿದ್ದು ಅಂತ. ನಮ್ಮ ಅಂಗಡಿ ಅಂದ್ರೆ ಒಂದು ಉದ್ದನೆ ಕೋಣೆ, ಮುಂದೆ ನನ್ನ ಮಿಷನ್, ಹಿಂದೆ ಅವಳ ಮೇಜು, ನಡುವೆ ಬಟ್ಟೆ ಥಾನುಗಳ ಕಪಾಟು, ಬಿಸಿಲು ಬಿದ್ರೆ ಬಟ್ಟೆ ಬಣ್ಣ ಬಿಡುತ್ತೆ ಅಂತ ನಮ್ಮೆಜಮಾನ್ರ ಕಾಲದಿಂದಲೂ ಕಿಟಕಿಗೆ ದಪ್ಪನೆ ಪರದೆ, ಅವರು ಕಟಿಂಗ್ ಮಾಸ್ಟರು, ಈ ನಾದಿನಿಯ ಅಣ್ಣ, ಅವರು ಹೋದ ಮೇಲೆ ನಾವಿಬ್ಬರೇ, ಬಟ್ಟೆ ಮೇಲೆ ಒಂದು ದಿನವೂ ಬಿಸಿಲು ಬೀಳೋಕೆ ಬಿಡಲಿಲ್ಲ, ನಮ್ಮ ಮೈ ಮೇಲೂ ಬೀಳಲಿಲ್ಲ ಅನ್ನೋದು ಹೊಳೀಲೇ ಇಲ್ಲ, ಬೆಳಗ್ಗೆ ಕತ್ತಲಲ್ಲಿ ಷಟರ್ ಎತ್ತೋದು, ಕತ್ತಲಾದ ಮೇಲೆ ಇಳಿಸೋದು, ಹಾಲು ಅಂದ್ರೆ ಟೀಗೆ ಬಣ್ಣ ಬರೋಕೆ ಎಷ್ಟು ಬೇಕೋ ಅಷ್ಟು, ಊಟ ಅಂದ್ರೆ ಒಂದು ಕೈಲಿ ತುತ್ತು ಇನ್ನೊಂದು ಕೈಲಿ ಗುಂಡಿ ಕಾಜಾ, ಬಟ್ಟೆ ಹೊಸದಾಗೇ ಇತ್ತು, ನಾವು ಮಾತ್ರ ಸವೀತಾ ಹೋದ್ವಿ. ಇನ್ನೊಂದು ನಿಜ, ನನ್ನ ಹೊಲಿಗೆ ಸ್ವಲ್ಪ ಸೊಟ್ಟ, ಮಾತಾಡ್ತಾ ಹೊಲಿದ್ರೆ ಇನ್ನೇನಾಗುತ್ತೆ, ಅವಳು ಒಂದು ಮಾತೂ ಆಡದೆ ನೀರು ಚಿಮುಕಿಸಿ, ಎಳೆದು, ಒತ್ತಿ, ಆ ಬಲಗೈಯಲ್ಲಿ ಒತ್ತಿ ಒತ್ತಿ ನೇರ ಮಾಡಿ ಮಡಚಿ ಇಡ್ತಾಳೆ, ಗಿರಾಕಿ ಬಂದು ಆಹಾ ಏನು ಹೊಲಿಗೆ ರೀಲಮ್ಮ ಅಂತಾನೆ, ನಾನು ಹೂಂ ಅಂತ ತಲೆ ಆಡಿಸ್ತೀನಿ, ಅವಳು ಹೂಂ ಅನ್ನೋದೂ ಇಲ್ಲ.

ಹೋದ ವರ್ಷ ನನ್ನ ಬೆನ್ನು ಮುರಿದಿದ್ದು ಕಪಾಟಿಂದ, ಅಂದ್ರೆ ನಾನು ಎಲ್ಲರಿಗೂ ಹೇಳಿದ್ದು ಹಾಗೆ, ಏಳಡಿ ಕಬ್ಬಿಣದ ಕಪಾಟು, ಎಪ್ಪತ್ತು ಥಾನು ತುಂಬಿದ್ದು, ನಾದಿನಿ ಮೇಲೆ ಬೀಳ್ತಿತ್ತು, ನಾನು ಹುಲಿ ಹಾಗೆ ಹಾರಿ ಬೆನ್ನು ಕೊಟ್ಟು ತಡೆದೆ, ಒಂದು ಕೈಲಿ ಕಪಾಟು ಹಿಡಿದು ಇನ್ನೊಂದು ಕೈಲಿ ಅವಳನ್ನ ಆಚೆ ಎಳೆದೆ ಅಂತ, ಎಷ್ಟು ಚೆನ್ನಾಗಿತ್ತು ಅಂದ್ರೆ ಹೇಳ್ತಾ ಹೇಳ್ತಾ ನನಗೇ ಕಣ್ಣಲ್ಲಿ ನೀರು ಬರೋದು, ಬೀದಿ ಕೊನೆಯ ಆಸ್ಪತ್ರೆಯ ಡಾಕ್ಟರು ಕೇಳಿ, ಏನಮ್ಮಾ ಅಷ್ಟು ಭಾರ ಬಿದ್ದೂ ಇಷ್ಟೇ ಆಗಿದೆ ಅಂದ್ರೆ ಗಟ್ಟಿ ಜೀವ ನಿಮ್ಮದು, ನರ ಉಳುಕಿದೆ ಅಷ್ಟೇ, ಮುಲಾಮು ಹಚ್ಚಿ, ಎರಡು ವಾರ ಮಲಗಿ ಅಂದ್ರು, ಗಟ್ಟಿ ಜೀವ ಅನ್ನೋ ಮಾತು ಕೇಳೋಕೆ ಎಷ್ಟು ಹಿತ, ಆ ಹಿತದಲ್ಲೇ ಎರಡು ತಿಂಗಳು ಮುಲಾಮು ಹಚ್ಚಿದೆ, ನೋವು ಒಂದು ಗುಂಜಿಯಷ್ಟೂ ಇಳೀಲಿಲ್ಲ, ಎದ್ರೆ ನೋವು ಕೂತ್ರೆ ನೋವು ಕೆಮ್ಮಿದ್ರೆ ಪ್ರಾಣ ಹೋದ ಹಾಗೆ. ಆಮೇಲೆ ಇವಳೇ, ನಾದಿನೀನೇ, ನಡೀರಿ ಅತ್ತಿಗೆ ಅಂತ ಆಟೋ ಹತ್ತಿಸಿ ಈ ದೊಡ್ಡಾಸ್ಪತ್ರೆಗೆ ಕರ್ಕೊಂಡು ಬಂದ್ಲು, ಡಾಕ್ಟರಮ್ಮ ಹೇಗಾಯ್ತು ಅಂದ್ರು, ನಾನು ಗಂಟಲು ಸರಿ ಮಾಡ್ಕೊಂಡು ಏಳಡಿ ಕಬ್ಬಿಣದ ಕಪಾಟು ಅನ್ನೋಷ್ಟರಲ್ಲಿ ಇವಳು ನಡುವೆ ಬಾಯಿ ಹಾಕಿದ್ಲು, ಕಪಾಟು ಅಲ್ಲ ಮೇಡಂ, ಕಿಟಕಿ, ಬಿಗಿಯಾಗಿತ್ತು, ತಳ್ಳಿದ್ರು, ಕಟಕ್ ಅಂತು, ಅಷ್ಟೇ, ನನ್ನನ್ನ ಯಾರೂ ಕಾಪಾಡಲಿಲ್ಲ. ಆವತ್ತು ನನಗೆ ಬಂದ ಸಿಟ್ಟು, ನಾಲ್ಕು ಜನರ ಮುಂದೆ ಮಾನ ತೆಗೆದ್ಲಲ್ಲ ಅಂತ, ಡಾಕ್ಟರಮ್ಮ ಮಾತ್ರ ಪೆನ್ನು ಕೆಳಗಿಟ್ಟು ಅವಳ ಕಡೆ ತಿರುಗಿ, ಇನ್ನೊಂದು ಸಲ ಹೇಳಿ, ಬರೀ ಕಿಟಕಿ ತಳ್ಳಿದ್ದಾ ಅಂದ್ರು, ಬರೀ ಕಿಟಕಿ ಅಂದ್ಲು ಇವಳು, ಆಗ ಗೊತ್ತಾಯ್ತು ನೋಡು, ಕಪಾಟು ಬಿದ್ದು ಮೂಳೆ ಮುರಿದ್ರೆ ತಪ್ಪು ಕಪಾಟಿಂದು, ಕಿಟಕಿ ತಳ್ಳಿ ಮುರಿದ್ರೆ ತಪ್ಪು ಮೂಳೆದು, ನನ್ನ ಕಪಾಟು ಆ ಮೊದಲನೇ ಡಾಕ್ಟರ ಕಣ್ಣಿಗೆ ಅಡ್ಡ ನಿಂತುಬಿಟ್ಟಿತ್ತು, ಪಾಪ ಅವರೇನು ಮಾಡ್ತಾರೆ, ಎಪ್ಪತ್ತು ಥಾನು ಹೊತ್ತೋಳ ಮೂಳೆ ಟೊಳ್ಳು ಅಂತ ಯಾರಿಗೆ ಅನುಮಾನ ಬರುತ್ತೆ.

ಫೋಟೋ ತೋರಿಸಿದ್ರು ಡಾಕ್ಟರಮ್ಮ, ಬೆನ್ನು ಮೂಳೆಗಳು ಒಂದರ ಮೇಲೊಂದು ಬೆಂಕಿಪೊಟ್ಟಣ ಜೋಡಿಸಿದ ಹಾಗೆ, ನಡುವೆ ಒಂದು ಮಾತ್ರ ಯಾರೋ ತುಳಿದ ಪೊಟ್ಟಣ, ಅದು ಕಿಟಕಿದು, ಅದರ ಕೆಳಗೆ ಇನ್ನೊಂದು ಅರ್ಧ ಕುಸಿದಿದ್ದು, ಇದು ಯಾವಾಗ ಆಯ್ತು ಅಂದ್ರು, ನನಗೇ ಗೊತ್ತಿಲ್ಲ, ನೋವೇ ಇಲ್ಲದೆ ಕೂಡ ಆಗುತ್ತಂತೆ, ಕಾಯಿಲೆಗೆ ಆಸ್ಟಿಯೋ ಅಂತ ಶುರುವಾಗೋ ರೈಲಿನಷ್ಟು ಉದ್ದದ ಹೆಸರು, ನನ್ನ ಬಾಯಲ್ಲೇ ಹಿಡಿಸಲಿಲ್ಲ ಅಂದ್ರೆ ನೋಡು, ಮೂಳೆ ಒಳಗೆ ಸಣ್ಣ ಸಣ್ಣ ಎಳೆ ಇರುತ್ತೆ, ಹಳೇದು ಕರಗುತ್ತೆ ಹೊಸದು ಕಟ್ಟುತ್ತೆ, ಮುಟ್ಟು ನಿಂತ ಮೇಲೆ ಕರಗೋದು ಜಾಸ್ತಿ ಕಟ್ಟೋದು ಕಮ್ಮಿ ಅಂತ ಹೇಳ್ತಿದ್ರು, ನಾನಂದೆ, ಡಾಕ್ಟರಮ್ಮ ನಿಲ್ಸಿ, ತೊಳೆದು ತೊಳೆದು ಜಾಳಾದ ಅಂಗಿ, ಬೆಳಕಿಗೆ ಹಿಡಿದ್ರೆ ಆಚೆ ಕಾಣುತ್ತೆ, ಹಾಕ್ಕೊಂಡ್ರೆ ಚೆನ್ನಾಗೇ ಇರುತ್ತೆ, ಒಂದಿನ ತೋಳು ಎತ್ತಿದ್ರೆ ಪರ್ ಅನ್ನುತ್ತೆ, ಅದೇ ತಾನೇ, ಅದೇ ಅಂದ್ರು, ಇಷ್ಟು ಚೆನ್ನಾಗಿ ನಮ್ಮ ಪುಸ್ತಕದಲ್ಲೂ ಇಲ್ಲ ಅಂದ್ರು, ಇದು ರೀಲಲ್ಲ, ನಿಜವಾಗ್ಲೂ ಅಂದ್ರು. ಆಮೇಲೆ ಗೋಡೆಗೆ ನಿಲ್ಲಿಸಿ ಎತ್ತರ ಅಳೆದ್ರು, ಮೊದಲು ಎಷ್ಟಿತ್ತು ಗೊತ್ತಾ ಅಂದ್ರು, ಗೊತ್ತಿಲ್ಲದೆ ಏನು, ಮದುವೆ ಆದ ಹೊಸದರಲ್ಲಿ ನಮ್ಮೆಜಮಾನ್ರು ನನ್ನ ಅಳತೆ ತಗೊಂಡು ಅಂಗಡಿ ಪುಸ್ತಕದಲ್ಲಿ ಮೊದಲನೇ ಪುಟದಲ್ಲಿ ಬರೆದಿದ್ದಾರೆ, ಲೆಕ್ಕ ಹಾಕಿದ್ರೆ ಎರಡೂವರೆ ಇಂಚು ಮಾಯ, ಆಗ ನೆನಪಾಯ್ತು, ನಾಲ್ಕು ವರ್ಷದಿಂದ ನನ್ನ ಲಂಗ ನೆಲ ಗುಡಿಸ್ತಿತ್ತು, ಅದೇ ಅಳತೆ, ಅದೇ ಕಾಗದದ ನಮೂನೆ, ನಾನು ಟೇಪಿಗೆ ಬೈದೆ, ಬಟ್ಟೆ ಟೇಪು ಹಳೇದಾದ್ರೆ ಜಗ್ಗುತ್ತೆ, ಜಗ್ಗಿದ ಟೇಪಲ್ಲಿ ಕತ್ತರಿಸಿದ್ರೆ ಬಟ್ಟೆ ಉದ್ದ ಬರುತ್ತೆ, ಮೂರು ಟೇಪು ಬಿಸಾಕಿದೆ, ಗಿರಾಕಿ ಅಂಗಿ ಎಲ್ಲ ಸರಿಯಾಗೇ ಬರ್ತಿತ್ತು ಅನ್ನೋದು ಮಾತ್ರ ಬುದ್ಧಿಗೆ ಬರಲಿಲ್ಲ, ಊರಿಗೆಲ್ಲ ಅಳತೆ ಹಿಡಿಯೋಳು ನಾನೇ ಗಿಡ್ಡ ಆಗ್ತಿದ್ದೀನಿ ಅಂತ ಯಾರಿಗೆ ಹೊಳೆಯುತ್ತೆ, ಲಂಗದ ಅಂಚು ಇನ್ನೊಂದು ಮಡಿಕೆ ಮಡಚಿ ಹೊಲಿದ್ಕೊಂಡು ಓಡಾಡಿದೆ.

ಬಲ್ಬು ಇನ್ನೂ ಉರೀತಿದೆ. ಆವತ್ತು ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ರು, ನಾದಿನಿ ಔಷಧಿ ತರೋಕೆ ಹೋಗಿದ್ಲು, ನಾನೊಬ್ಬಳೇ ಇದ್ದೆ, ನಿಮ್ಮ ನಾದಿನೀನೂ ಕರ್ಕೊಂಡು ಬನ್ನಿ, ಅದೇ ಅಡುಗೆ, ಅದೇ ಕತ್ತಲ ಕೋಣೆ, ನಿಮಗಿಂತ ಮೂರೇ ವರ್ಷ ಚಿಕ್ಕೋರು, ತೆಳ್ಳಗೆ ಬೇರೆ ಇದ್ದಾರೆ, ಒಂದ್ಸಲ ಪರೀಕ್ಷೆ ಮಾಡಿಬಿಡೋಣ ಅಂದ್ರು, ಹೂಂ ಅಂತ ಆಚೆ ಬಂದೆ, ಇವಳು ಈ ಬೆಂಚಿನ ಹತ್ರ ನಿಂತು ನನ್ನ ಬಗ್ಗೆ ಏನಾದ್ರೂ ಅಂದ್ರಾ ಅತ್ತಿಗೆ ಅಂದ್ಲು, ಒಬ್ಬಳದು ಮುರಿದಾಗಿದೆ, ಇನ್ನೊಬ್ಬಳಾದ್ರೂ ಗಟ್ಟಿ ಇರ್ಲಿ ಅಂತ ನನ್ನ ಮನಸ್ಸಿಗೆ ಎಷ್ಟು ಬೇಕಿತ್ತು ಅಂದ್ರೆ ಬಾಯಿಗೆ ತಾನಾಗೇ ಬಂದುಬಿಡ್ತು, ಅಂದ್ರಪ್ಪ, ಬಾಗಿಲ ಸಂದಿಯಿಂದ ನಿನ್ನ ನಡಿಗೆ ನೋಡೇ ಹೇಳಿದ್ರು, ಆ ಹೆಂಗಸಿನ ಮೂಳೆ ರೈಲು ಕಂಬಿ, ಅವರಿಗೆ ಪರೀಕ್ಷೆ ಮಾಡಿದ್ರೆ ನಮ್ಮ ಮಿಷನ್ನಿಗೆ ಅವಮಾನ ಅಂತ — ಇವಳು ನಕ್ಕಳು, ನನ್ನ ಯಾವ ಕಥೆಗೂ ನಗದೋಳು ನಕ್ಕಳು, ಚೀಲ ಹೆಗಲಿಗೆ ಹಾಕ್ಕೊಂಡು ಮುಂದೆ ಮುಂದೆ ನಡೆದ್ಲು, ಆವತ್ತಿಂದ ಥಾನು ಎತ್ತೋದು ಅವಳೇ, ಷಟರ್ ಎತ್ತೋದು ಅವಳೇ, ಬಗ್ಗೋದು ಅವಳೇ, ನೀವು ಸುಮ್ನೆ ಕೂತ್ಕೊಳ್ಳಿ, ನನ್ನದು ರೈಲು ಕಂಬಿ ಅಂತ. ನಾಳೆ ಹೇಳೋಣ ನಾಳೆ ಹೇಳೋಣ ಅಂತ ಒಂದು ವರ್ಷ ಆಯ್ತು.

ಆ ಒಂದು ವರ್ಷ ಅವಳು ನನಗೆ ಮಾಡಿದ್ದು, ಹೇಳಿದ್ರೆ ಇದಕ್ಕೆ ರೀಲು ಸುತ್ತೋದೇ ಬೇಡ, ಇದ್ದ ಹಾಗೇ ಹೇಳಿದ್ರೂ ಯಾರೂ ನಂಬಲ್ಲ, ಭಾನುವಾರ ಬೆಳಗ್ಗೆ ವಾರಕ್ಕೊಂದು ಮಾತ್ರೆ, ಖಾಲಿ ಹೊಟ್ಟೇಲಿ, ದೊಡ್ಡ ಲೋಟದ ತುಂಬ ನೀರು, ನುಂಗಿದ ಮೇಲೆ ಅರ್ಧ ಗಂಟೆ ಮಲಗೋ ಹಾಗಿಲ್ಲ, ಏನೂ ತಿನ್ನೋ ಹಾಗಿಲ್ಲ, ಮಲಗಿದ್ರೆ ಮಾತ್ರೆ ಗಂಟಲಲ್ಲೇ ನಿಂತು ಸುಡುತ್ತಂತೆ, ಇವಳು ಗಡಿಯಾರ ಹಿಡ್ಕೊಂಡು ಪೊಲೀಸಿನ ಹಾಗೆ ನಿಂತ್ಕೊಳ್ಳೋಳು, ನಾನು ತೂಕಡಿಸಿದ್ರೆ ಅತ್ತಿಗೆ ಇನ್ನೂ ಹನ್ನೊಂದು ನಿಮಿಷ, ಒಂದು ಕಥೆ ಹೇಳಿ ಅನ್ನೋಳು, ಕೇಳ್ತಾ ಕೇಳ್ತಾ ಎಲ್ಲಾ ಸುಳ್ಳು ಅನ್ನೋಳು, ಮುಂದೆ ಅನ್ನೋಳು. ಪರದೆ ಕಿತ್ತು ಹಾಕಿದ್ಲು, ನನ್ನೆಜಮಾನ್ರ ಕಾಲದ ಪರದೆ, ಬಟ್ಟೆ ಬಣ್ಣ ಹೋದ್ರೆ ಹೋಗ್ಲಿ, ಅತ್ತಿಗೆ ಬಣ್ಣ ಬಿಡಬಾರದು ಅಂದ್ಲು, ದಿನಾ ತೋಳು ಮೊಣಕಾಲು ಬಿಟ್ಕೊಂಡು ಬಿಸಿಲಲ್ಲಿ ಕೂರಿಸಿ, ಹಾಲು ಮೊಸರು ಮೊಟ್ಟೆ ಸೊಪ್ಪು ಎಳ್ಳು, ಹಾಲು ಕುಡಿದು ಮೀಸೆ ಬಂದ್ರೂ ಪರವಾಗಿಲ್ಲ ಅಂದ್ಲು, ಸಂಜೆ ಬೀದಿ ಕೊನೆ ತನಕ ನಡೆಸಿ, ಕುರ್ಚಿ ಹಿಡ್ಕೊಂಡು ಹಿಮ್ಮಡಿ ಎತ್ತು ಇಳಿಸು ಎತ್ತು ಇಳಿಸು, ಮೂಳೆಗೆ ಕೆಲಸ ಕೊಟ್ರೇನೇ ಗಟ್ಟಿಯಾಗೋದು, ಆದ್ರೆ ಸೊಂಟ ಬಗ್ಗಿಸಿ ಏನೂ ಎತ್ತೋ ಹಾಗಿಲ್ಲ, ಬಚ್ಚಲ ಮುಂದೆ ನಾನು ಚೂರು ಬಟ್ಟೇಲಿ ಹೊಲಿದು ಹಾಸಿದ್ದ ಕಾಲೊರಸು ಜಾರುತ್ತೆ ಅಂತ ಬಿಸಾಕಿದ್ಲು, ಎರಡು ವರ್ಷದ ಕೆಲಸ ಅದು, ಆವತ್ತು ನಾನು ಅವಳ ಜೊತೆ ಮಾತು ಬಿಟ್ಟೆ, ಹತ್ತು ನಿಮಿಷ. ಆ ಹಾಲಲ್ಲಿ ಅವಳು ಕುಡಿದಿದ್ದು ನಾನು ನೋಡಲಿಲ್ಲ. ಆ ಬಿಸಿಲಲ್ಲಿ ಅವಳು ಕೂರಲಿಲ್ಲ, ನನ್ನನ್ನ ಕೂರಿಸಿ ಒಳಗೆ ಹೋಗಿ ನನ್ನ ಪಾಲಿನ ಕೆಲಸನೂ ಮಾಡೋಳು, ರೈಲು ಕಂಬಿಗೆ ಹಾಲು ಯಾಕೆ.

ಹೋದ ಸೋಮವಾರ ಬೆಳಗ್ಗೆ ಬಂದ್ಲು, ಬಲಗೈ ಮಣಿಕಟ್ಟಿಗೆ ಲೈನಿಂಗ್ ಬಟ್ಟೆ ಸುತ್ತಿದ್ಲು, ಆ ಬಲಗೈನ ಎಡಗೈಯಲ್ಲಿ ಎತ್ಕೊಂಡು, ಬೇರೆಯವರ ಮನೆ ಕೂಸನ್ನ ಎತ್ಕೊಂಡ ಹಾಗೆ, ಹುಷಾರಾಗಿ, ಏನಾಯ್ತೇ ಅಂದೆ, ಮೆಟ್ಟಿಲಿಂದ ಬಿದ್ದೆ ಅಂದ್ಲು. ಅಷ್ಟೇ. ನನಗೆ ಅಲ್ಲೇ ತಿಳೀತು ಸುಳ್ಳು ಅಂತ, ಬೇರೆ ಯಾರಿಗಾದ್ರೂ ತಿಳೀತಿರಲಿಲ್ಲ, ಐವತ್ತು ವರ್ಷದ ಕಸುಬು ನನ್ನದು, ಬಿದ್ದೋಳು ಯಾವ ಮೆಟ್ಟಿಲು ಅಂತ ಹೇಳಲ್ವಾ, ಕೈಲಿ ಏನಿತ್ತು, ಯಾವ ಚಪ್ಪಲಿ ಹಾಳಾಗಿ ಹೋಯ್ತು, ಯಾರು ನೋಡಿ ನಕ್ರು, ಏನೂ ಇಲ್ಲ, ಮನೆಯ ಹನ್ನೊಂದು ಮೆಟ್ಟಿಲು ಉರುಳಿದೋಳ ಮೊಣಕಾಲಲ್ಲಿ ಒಂದು ತರಚು ಗಾಯ ಇಲ್ಲ, ಇಷ್ಟು ಬಡಕಲು ಸುಳ್ಳು ನಾನು ಹುಟ್ಟಿದಾಗಿಂದ ಕೇಳಿಲ್ಲ, ಪಾಪ ಅವಳಿಗೆ ಅಭ್ಯಾಸ ಇಲ್ಲ. ಎರಡು ದಿನ ಕಣ್ಣಿಟ್ಟು ನೋಡಿದೆ, ಇಸ್ತ್ರಿ ಪೆಟ್ಟಿಗೆ ಮೇಜಿನ ಎಡಗಡೆ ಬಂದಿತ್ತು, ಮೂವತ್ತು ವರ್ಷ ಬಲಗಡೆ ಇದ್ದಿದ್ದು, ಎಡಗೈಯಲ್ಲಿ ಒತ್ತುತಿದ್ಲು, ಹಲ್ಲು ಕಚ್ಕೊಂಡು, ವೈರನ್ನ ಎಂದೂ ಇಲ್ಲದ್ದು ಗೋಡೆಗೆ ಮೊಳೆ ಹೊಡೆದು ಮೇಲಕ್ಕೆ ಕಟ್ಟಿದ್ಲು, ನೆಲದ ಮೇಲೆ ಇರದ ಹಾಗೆ, ಆಗ ಅಂದೆ, ವೈರು ನಿನ್ನ ಕಾಲಿಗೆ ಸಿಕ್ತು, ಮುಗ್ಗರಿಸಿದೆ, ಗೋಡೆಗೆ ಕೈ ಕೊಟ್ಟೆ, ಬೀಳಲೂ ಇಲ್ಲ, ಅಲ್ವೇನೇ. ಅವಳು ಕಾಲರ್ ಒತ್ತುತಾ ಹೂಂ ಅಂದ್ಲು. ಡಾಕ್ಟರ ಹತ್ರ ನಡಿ ಅಂದೆ, ಬರ್ತೀನಿ, ಆದ್ರೆ ಮೆಟ್ಟಿಲು ಅಂತಾನೇ ಹೇಳ್ತೀನಿ ಅಂದ್ಲು, ಯಾಕೇ ಅಂದ್ರೆ, ಇಬ್ಬರದ್ದೂ ಜಾಳು ಅಂದ್ರೆ ಥಾನು ಎತ್ತೋರು ಯಾರು ಅತ್ತಿಗೆ, ಷಟರ್ ಎತ್ತೋರು ಯಾರು, ನಿಮಗೆ ಬಾಟಲಿ ಮುಚ್ಚಳ ತೆಗೆದು ಕೊಡೋರು ಯಾರು ಅಂದ್ಲು, ಆಮೇಲೆ ನನ್ನ ಮುಖ ನೋಡಿ, ಅದೂ ಅಲ್ದೆ ನನ್ನದು ರೈಲು ಕಂಬಿ ಅಂತ ಡಾಕ್ಟರಮ್ಮಾನೇ ಹೇಳಿದ್ದಾರಲ್ಲ ಅಂದ್ಲು, ಎಡಗೈಯಲ್ಲಿ ಆ ಬಲಗೈನ ಎತ್ಕೊಂಡು. ನಾನು ಚಪ್ಪಲಿ ಮೆಟ್ಟಿ ಆಟೋ ಕರೆಯೋಕೆ ಹೋದೆ.

ಆರಿತು ಬಲ್ಬು. ಬಾಗಿಲು ತೆಗೀತು, ಇವಳು ಆಚೆ ಬಂದ್ಲು, ಹಿಂದೇನೇ ನರ್ಸು ಕಾಗದ ಹಿಡ್ಕೊಂಡು, ಇಬ್ಬರೂ ಡಾಕ್ಟರಮ್ಮನ ರೂಮಿಗೆ ಬನ್ನಿ ಅಂತ, ಹೋಗ್ತಿದ್ದೀವಿ, ನಾನು ಮುಂದೆ, ಒಂದೊಂದು ಹೆಜ್ಜೆಗೂ ಹೊಸ ಕಥೆ ಹುಟ್ತಿದೆ, ಮೆಟ್ಟಿಲೇ ಇರ್ಲಿ ಬಿಡು, ನಾನು ಸೇರಿಸ್ತೀನಿ, ಏಳನೇ ಮೆಟ್ಟಿಲು, ಕೈಲಿ ಬಕೆಟ್ಟು, ಅಡ್ಡ ಬಂದ ಬೆಕ್ಕು, ಎಷ್ಟು ಚೆನ್ನಾಗಿ ನಿಲ್ಲುತ್ತೆ, ಬೆಕ್ಕಿಗೆ ಒಂದು ಕಣ್ಣಿಲ್ಲ ಅಂತಾನೂ ಇಡಬಹುದು. ಕೂತ್ವಿ. ಡಾಕ್ಟರಮ್ಮ ಕಾಗದ ನೋಡ್ತಿದ್ದಾರೆ, ಬೆಳಗ್ಗೆ ತೆಗೆಸಿದ ಇವಳ ಕೈ ಎಕ್ಸ್‌ರೇನೂ, ಕಳೆದ ವಾರ ಮಾಡಿಸಿದ ನನ್ನ ಕಾಗದಾನೂ ಪಕ್ಕದಲ್ಲೇ ಇಟ್ಟಿದ್ದಾರೆ, ನಿಮ್ಮದು ಇಳಿಯೋದು ನಿಂತಿದೆ, ಸ್ವಲ್ಪ ಮೇಲೇ ಬಂದಿದೆ, ಚೆನ್ನಾಗಿ ನೋಡ್ಕೊಂಡಿದ್ದೀರ ಅಂದ್ರು ನನಗೆ, ನಾನಲ್ಲ ಡಾಕ್ಟರಮ್ಮ, ಇವಳು ನೋಡ್ಕೊಂಡಿದ್ದು ಅಂದೆ, ಅವರು ಇವಳ ಕಡೆ ತಿರುಗಿದ್ರು, ನಿಮ್ಮದು ತೆಳುವಾಗಿದೆ, ನಿಮ್ಮತ್ತಿಗೆಯಷ್ಟಿಲ್ಲ, ಆದ್ರೆ ಕೈ ಹೇಗೆ ಮುರೀತು ಅನ್ನೋದರ ಮೇಲೆ ಔಷಧಿ ನಿರ್ಧಾರ ಮಾಡಬೇಕು, ಎಲ್ಲಿಂದ ಬಿದ್ರಿ. ಮೆಟ್ಟಿ... ಅಂದ್ಲು ಇವಳು. ಬೀಳಲಿಲ್ಲ ಅಂದೆ ನಾನು, ನನ್ನ ದನೀನೇ ನನಗೆ ಗುರುತು ಸಿಗಲಿಲ್ಲ, ಮೆಟ್ಟಿಲಿಂದ ಯಾರೂ ಬೀಳಲಿಲ್ಲ, ನಿಂತಲ್ಲೇ ಮುಗ್ಗರಿಸಿ ಗೋಡೆಗೆ ಕೈ ಕೊಟ್ಲು, ಕೈ ಮುರೀತು, ಅಷ್ಟೇ. ಬೆಕ್ಕು ಇಲ್ಲ, ಬಕೆಟ್ಟು ಇಲ್ಲ, ಇಷ್ಟು ಚಿಕ್ಕ ಕಥೆ ನಾನು ಎಂದೂ ಹೇಳಿರಲಿಲ್ಲ, ಇನ್ನೂ ಮುಗಿದಿರಲಿಲ್ಲ, ಇನ್ನೊಂದಿದೆ ಡಾಕ್ಟರಮ್ಮ, ಹೋದ ವರ್ಷ ಇವಳನ್ನ ಕರ್ಕೊಂಡು ಬನ್ನಿ ಅಂದಿದ್ರಿ, ನಾನು ಹೇಳಲೇ ಇಲ್ಲ, ಇವಳಿಗೆ ನಿಮ್ಮ ಮಾತು ತಿರುಗಿಸಿ ರೈಲು ಕಂಬಿ ಅಂತ ಹೇಳ್ದೆ. ಬೈಯಲಿ, ಎದ್ದು ಹೋಗಲಿ, ಇನ್ನು ಮೇಲೆ ನನಗೆ ಗಡಿಯಾರ ಹಿಡಿಯದೆ ಇರ್ಲಿ — ಗೊತ್ತಿತ್ತು ಅತ್ತಿಗೆ ಅಂತಾಳೆ ಇವಳು, ಆವತ್ತೇ ಗೊತ್ತಿತ್ತು, ಬಾಗಿಲಿಗೆ ಸಂದಿ ಎಲ್ಲಿತ್ತು, ಮುಚ್ಚಿದ ಬಾಗಿಲು ಅದು. ಮತ್ತೆ ಯಾಕೇ ಕೇಳಲಿಲ್ಲ ಅಂದೆ. ನಿಮ್ಮ ಕಥೇಲಿ ಯಾವಾಗಲೂ ನೀವೇ ಹುಲಿ, ನೀವೇ ಇಂಜಿನು, ಅದೊಂದರಲ್ಲೇ ನಾನು ಗಟ್ಟಿಗಿತ್ತಿ ಆಗಿದ್ದು ಅಂದ್ಲು, ನನಗೆ ಇಷ್ಟ ಆಗಿತ್ತು. ಡಾಕ್ಟರಮ್ಮ ಏನೋ ಬರೀತಿದ್ದಾರೆ, ಔಷಧಿ ಇಬ್ಬರಿಗೂ, ಬಿಸಿಲು ಇಬ್ಬರಿಗೂ, ಸರಿಯಾದ ಹೊತ್ತಿಗೆ ಬಂದ್ರಿ ಅಂತಾರೆ, ಹೇಳಿದ್ದು ಒಳ್ಳೇದಾಯ್ತು ಅಂತಾರೆ, ಕೈ ಕೊಡಿ ನೋಡೋಣ ಅಂತಾರೆ, ಇವಳು ಎಡಗೈಯಲ್ಲಿ ಆ ಬಲಗೈನ ಎತ್ತಿ ಮೇಜಿನ ಮೇಲೆ ಇಡ್ತಾಳೆ, ಲೈನಿಂಗ್ ಬಟ್ಟೆ ಬಿಚ್ತಾರೆ, ಒಂದು ಸುತ್ತು, ಎರಡು ಸುತ್ತು, ಲಂಗ ಎಷ್ಟು, ಕಾಲರ್ ಎಷ್ಟು, ನನ್ನ ಸೊಟ್ಟ ಎಷ್ಟು ಈ ಕೈ ಕೆಳಗೆ ಹೋಗಿದೆ ಅಂತ ಎಣಿಸೋಕೆ ಹೋದ್ರೆ ನೂರಾ ಹನ್ನೆರಡು ಯಾವ ಮೂಲೆಗೆ, ಇದಕ್ಕೆ ನಾನು ಏನು ಸೇರಿಸಲಿ, ಏನೂ ಸೇರಿಸೋಕೆ ಬರಲ್ಲ, ಮೂರನೇ ಸುತ್ತು, ಕೈ, ಬಿಳೀ ಮೇಜಿನ ಮೇಲೆ, ಅಂಗೈ ಮೇಲಾಗಿ, ಊದಿಕೊಂಡು, ಬೆರಳು ಸ್ವಲ್ಪ ಮಡಚಿ, ಆ ಕೈ.